ಬೂದಿ ಹಚ್ಚಿ ಕೆಚ್ಚಿದ ತಂತಿ

ಕಾರಿನ ಸ್ಟೇರಿಂಗಿನೊಳಗಿನ ಒಂದು ತಂತಿಯನ್ನು ನಾನು ಮನೆಯ ಅಂಗಳದಲ್ಲಿ ಕೂತು ನನ್ನ ಕೈಯಾರೆ ಕೂಡಿಸಿದೆ. ಮೂರನೆಯ ದಿನ ಅದು ಬಿಟ್ಟುಕೊಂಡಿತು. ನನ್ನ ಹೆಂಡತಿಯ ಬಲಗೈ ಮುರಿಯಿತು. ಯಾರು ರಿಪೇರಿ ಮಾಡಿದ್ದು ಎಂದು ಕೇಳಿದಾಗ ನಾನು ಬೇರೆಯವರ ಹೆಸರು ಹೇಳಿದೆ. ನಡೆದದ್ದು ಇಷ್ಟೇ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಮ್ಮದು ಗಜೇಂದ್ರಗಡ. ನಾನು ಹೈಸ್ಕೂಲು ಮುಗಿಸಿ ಅಪ್ಪನ ಮಗ್ಗಕ್ಕೆ ಕೂತವನು. ಹತ್ತು ಹನ್ನೆರಡು ವರ್ಷ ನೇಯ್ದ ಮೇಲೆ ಬೆನ್ನು ನೋಯುತ್ತದೆ ಎಂಬ ನೆಪ ಮಾಡಿ ಮಗ್ಗ ಬಿಟ್ಟು, ಸೀರೆಯ ಗಂಟು ಹೊತ್ತು ರೋಣ, ನರಗುಂದದ ಅಂಗಡಿಗಳಿಗೆ ತಿರುಗಲು ಶುರು ಮಾಡಿದೆ. ನೇಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ನನಗಿಂತ ಚೆನ್ನಾಗಿ ನೇಯುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಅವಳ ಕೆಚ್ಚು ಓಣಿಗೆಲ್ಲ ಹೆಸರಾಗಿತ್ತು.

ಕೆಚ್ಚುವುದು ಎಂದರೆ ಏನೆಂದು ನೇಕಾರರಲ್ಲದವರಿಗೆ ಹೇಳಬೇಕು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸುತ್ತಾರೆ. ಸಾವಿರಾರು ಎಳೆ. ಗಂಟು ಹಾಕುವಂತಿಲ್ಲ, ಗಂಟು ಫಣಿಯ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ಒಲೆಯ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನು ಜೋಡಿಸಿ ಹೊಸೆದು, ಮಡಚಿ ಮತ್ತೆ ಹೊಸೆದರೆ ಎರಡೂ ಒಂದೇ ಎಳೆಯಾಗುತ್ತವೆ. ಬೂದಿಯಿಂದ ಬೆರಳು ಜಾರುವುದಿಲ್ಲ, ನೂಲು ಕಚ್ಚಿಕೊಳ್ಳುತ್ತದೆ. ನನ್ನ ಹೆಂಡತಿ ಒಂದು ಎಳೆಗೆ ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಬೇರೆಯವರ ಮನೆಗಳಿಂದ ಅವಳನ್ನು ಕರೆಯಲು ಬರುತ್ತಿದ್ದರು. ನನಗೂ ಆ ಕೆಲಸ ಬರುತ್ತಿತ್ತು. ಬರುತ್ತಿತ್ತು ಎಂಬುದೇ ಮುಂದಿನದಕ್ಕೆಲ್ಲ ಮೂಲವಾಯಿತು.

ಕಾರು ತಂದದ್ದು ಎರಡು ಸಾವಿರದ ಐದರ ಸುಮಾರಿಗೆ. ಗದಗಿನ ಒಬ್ಬ ಅಧಿಕಾರಿ ಓಡಿಸಿ ಬಿಟ್ಟಿದ್ದ ಸಣ್ಣ ಬಿಳಿ ಕಾರು. ನಮ್ಮ ಓಣಿಗೆ ಅದೇ ಮೊದಲನೆಯದು. ಅದಕ್ಕೆ ಕರೆಂಟಿನ ಸ್ಟೇರಿಂಗ್ ಇತ್ತು. ನಾವು ಚಕ್ರವನ್ನು ಎಷ್ಟು ಒತ್ತಿ ತಿರುಗಿಸುತ್ತೇವೆ ಎಂಬುದನ್ನು ಸ್ಟೇರಿಂಗಿನ ಕಂಬದೊಳಗಿನ ಒಂದು ಸೆನ್ಸರ್ ತಿಳಿದು ಹೇಳುತ್ತದೆ, ಒಂದು ಮೋಟಾರು ಆ ಲೆಕ್ಕಕ್ಕೆ ನಮಗೆ ಕೈ ಹಚ್ಚುತ್ತದೆ. ಒಂದು ಬೆರಳು ಸಾಕು. ಬಸ್ ಸ್ಟ್ಯಾಂಡಿನ ಮುಂದೆ ಹೋಗುವಾಗ ನಾನು ಬೇಕೆಂದೇ ಒಂದು ಬೆರಳಿನಲ್ಲಿ ತಿರುಗಿಸುತ್ತಿದ್ದೆ, ನೋಡುವವರು ನೋಡಲಿ ಎಂದು.

ಕೆಲವು ತಿಂಗಳು ಕಳೆದ ಮೇಲೆ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತತೊಡಗಿತು, ಸ್ಟೇರಿಂಗಿನ ಚಿತ್ರವಿದ್ದ ದೀಪ. ಅದು ಹತ್ತಿದಾಗ ಚಕ್ರ ಬೀಸುವ ಕಲ್ಲಿನಷ್ಟು ಭಾರವಾಗುತ್ತಿತ್ತು. ಆರಿಸಿ ಮತ್ತೆ ಶುರು ಮಾಡಿದರೆ ಸರಿ. ಮರುದಿನ ಮತ್ತೆ ಹಾಗೆಯೇ. ಕಾರನ್ನು ಮಿಸ್ತ್ರಿಯವರ ಶೆಡ್ಡಿಗೆ ಒಯ್ದೆ.

ಮಿಸ್ತ್ರಿ ಮುಸಲ್ಮಾನರು. ನಾವಿಬ್ಬರೂ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಸಾಲಿನಲ್ಲಿ ಕೂತವರು. ಅವರು ಅಲ್ಲಿಗೇ ಬಿಟ್ಟು ಹುಬ್ಬಳ್ಳಿಯಲ್ಲಿ ಲಾರಿ ಕೆಲಸ ಕಲಿತು ಬಂದಿದ್ದರು. ದೊಡ್ಡವರಾದ ಮೇಲೆ ಅವರು ನನಗೆ ‘ರೀ’ ಹಚ್ಚಿ ಮಾತಾಡುತ್ತಿದ್ದರು, ನಾನು ‘ನೀ’ ಎನ್ನುತ್ತಿದ್ದೆ. ಈ ಬರಹದಲ್ಲಿ ಅವರು ಎಂದೇ ಬರೆಯುತ್ತೇನೆ. ಯಾವ ಗಾಡಿಯನ್ನೇ ರಿಪೇರಿ ಮಾಡಲಿ, ತಾವೇ ಪಕ್ಕದ ಪುರ್ತಗೇರಿಯವರೆಗೆ ಓಡಿಸಿ ನೋಡದೆ ಮಾಲೀಕರ ಕೈಗೆ ಕೊಡುತ್ತಿರಲಿಲ್ಲ. ಅವಸರ ಮಾಡಿದವರಿಗೆ, “ಜೀವಾ ನಿಮ್ಮದೈತಿ, ಹೆಸರು ನಂದೈತಿ. ಅರ್ಧಾ ತಾಸು ತಡೀರಿ” ಎನ್ನುತ್ತಿದ್ದರು.

ಅವರು ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಬ್ಯಾಟರಿ ದೀಪ ಹಿಡಿದು ತೋರಿಸಿದರು. “ಇಲ್ಲಿ ನೋಡ್ರಿ. ಸೆನ್ಸರ್‌ದ ತಂತಿ ಈ ಪಟ್ಟಿಗೆ ತಿಕ್ಕಿ ತಿಕ್ಕಿ ತಿಂದೈತಿ. ಒಂದೆರಡು ಎಳಿ ಉಳದಾವ ಅಷ್ಟ.”

“ಹಂಗಾರ ಕೂಡಿಸಿಬಿಡು.”

“ಇದು ಕೂಡ್ಸೂದಲ್ಲರಿ. ಪೂರಾ ವೈರಿಂಗ್ ಬದಲಿ ಮಾಡಬೇಕು. ನಾ ಹುಬ್ಬಳ್ಳಿಗೆ ಹೋಗಿ ತರ್ತೀನಿ. ಅಲ್ಲೀತನಕ ಗಾಡಿ ತಗೀಬ್ಯಾಡ್ರಿ.”

“ನಾಲ್ಕ ದಿನಕ್ಕ ನರಗುಂದದಾಗ ನಮ್ಮ ಬೀಗರ ಮನಿ ನಿಶ್ಚಯ ಐತೋ.”

“ಬಸ್ಸಿಗೆ ಹೋಗ್ರಿ. ಬಸ್ಸು ದಿನಾ ಅದಾವ.”

ಈ ಮಾತು ನನಗೆ ಚುಚ್ಚಿತು. ಅವರು ಚುಚ್ಚಬೇಕೆಂದು ಹೇಳಿರಲಿಲ್ಲ. ಆದರೆ ನಾನು ಹೆಂಡತಿಯ ತವರಿನ ನೆಂಟರ ಮುಂದೆ ಕಾರಿನಿಂದ ಇಳಿಯುವ ಚಿತ್ರವನ್ನು ವಾರದಿಂದ ಮನಸ್ಸಿನಲ್ಲಿ ನೋಡುತ್ತ ಬಂದಿದ್ದೆ. ನಾನು ಇಳಿಯುವುದು, ಬಾಗಿಲು ಹಾಕುವ ಸಪ್ಪಳ, ಜಗುಲಿಯ ಮೇಲಿನವರು ಎದ್ದು ನಿಲ್ಲುವುದು. ಬಸ್ಸಿನಿಂದ ಇಳಿಯುವ ಚಿತ್ರ ಅದರಲ್ಲಿರಲಿಲ್ಲ.

ಕಾರು ಮನೆಗೆ ತಂದೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬ್ಯಾಟರಿಯ ತಂತಿ ಬಿಚ್ಚಿಟ್ಟು, ಅವರು ಬಿಚ್ಚಿದಂತೆಯೇ ಆ ಮುಚ್ಚಳ ಬಿಚ್ಚಿದೆ. ಎಲ್ಲಿ ನೋಡಬೇಕೆಂದು ಅವರೇ ತೋರಿಸಿದ್ದರಲ್ಲ. ತಿಂದುಹೋದ ತಂತಿಯ ಒಳಗೆ ಕೂದಲಿನಂಥ ತಾಮ್ರದ ಎಳೆಗಳಿದ್ದವು. ನನಗೆ ನಗು ಬಂತು. ಇದಕ್ಕಿಂತ ಸಣ್ಣ ನೂಲನ್ನು ನಾನು ಲಕ್ಷಗಟ್ಟಲೆ ಕೂಡಿಸಿದ್ದೇನೆ, ಇದಕ್ಕೆ ಹುಬ್ಬಳ್ಳಿಗೆ ಹೋಗಬೇಕೆ?

ಹೆಂಡತಿ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತಿದ್ದಳು. ಅವಳ ಬೂದಿಯ ಬಟ್ಟಲು ಎತ್ತಿಕೊಂಡೆ.

“ಅದನ್ನ ಎಲ್ಲಿಗೆ ಒಯ್ತೀರಿ?”

“ತಂತಿ ಕೆಚ್ಚಾಕ.”

“ಗಾಡಿಗೂ ಸೀರಿ ಉಡಸ್ತೀರೇನು ಮತ್ತ?” ಎಂದು ನಕ್ಕಳು. ಆಮೇಲೆ ಲಾಳಿ ನಿಲ್ಲಿಸಿ, “ಮಿಸ್ತ್ರಿಯಾರು ಬ್ಯಾಡಂದಾರಂತ ನಿನ್ನೆ ನೀವ ಹೇಳಿದ್ರಿ” ಎಂದಳು.

“ಅವಗ ಕೆಚ್ಚಾಕ ಬರೂದಿಲ್ಲ, ಅದಕ್ಕ ಬ್ಯಾಡಂದಾನ.”

ಬೆರಳಿಗೆ ಬೂದಿ ಹಚ್ಚಿಕೊಂಡೆ. ತುದಿ ಕತ್ತರಿಸಿ, ಎಳೆಗಳನ್ನು ಬಿಡಿಸಿ, ಹೊಸೆದು, ಮಡಚಿ ಮತ್ತೆ ಹೊಸೆದೆ. ಬೆಸುಗೆ ಹಾಕಲಿಲ್ಲ. ಬಿಗಿಯಾಗಿರಲೆಂದು ಮೇಲೆ ಮಗ್ಗದ ನೂಲು ಸುತ್ತಿದೆ, ನೂಲಿನ ಮೇಲೆ ಒಂದಿಷ್ಟು ಗಂಜಿ ಸವರಿ ಒಣಗಿಸಿದೆ. ತಾಮ್ರದ ಎಳೆಗಳ ನಡುವೆ ಬೂದಿ ಕೂತರೆ ಕರೆಂಟು ಸರಾಗವಾಗಿ ಹರಿಯುವುದಿಲ್ಲ, ನೂಲಿನಂತೆ ತಾಮ್ರ ಒಂದನ್ನೊಂದು ಕಚ್ಚಿಕೊಳ್ಳುವುದಿಲ್ಲ ಎಂಬುದು ಈಗ ಗೊತ್ತು. ಆಗ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಗೊತ್ತಿದ್ದವರು ಹಿಂದಿನ ದಿನವೇ ಬೇಡವೆಂದು ಹೇಳಿದ್ದರು.

ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೆ. ಹಳದಿ ದೀಪ ಒಮ್ಮೆ ಹತ್ತಿ ಆರಿತು. ಚಕ್ರ ಬೆಣ್ಣೆಯಂತೆ ತಿರುಗಿತು. ಆ ದಿನ ನಾನು ಎಷ್ಟು ಜನರಿಗೆ ಹೇಳಿಕೊಳ್ಳಬೇಕೆಂದಿದ್ದೆನೋ! ನೆಂಟರ ಮನೆಯಲ್ಲಿ ಎಲ್ಲರೂ ಕೂತಾಗ ಹೇಳಿದರೆ ಚೆಂದ ಎಂದು ತಡೆದುಕೊಂಡೆ. ತಡೆದುಕೊಂಡದ್ದರಿಂದಲೇ ನನ್ನ ಕೈಗೆಲಸ ಹೆಂಡತಿಯ ಹೊರತು ಯಾರಿಗೂ ಗೊತ್ತಾಗದೆ ಉಳಿಯಿತು.

ನಿಶ್ಚಯದ ದಿನ ಬೆಳಿಗ್ಗೆ ಇಬ್ಬರೇ ಹೊರಟೆವು. ಅವಳು ತಾನೇ ನೇಯ್ದ ಸೀರೆ ಉಟ್ಟಿದ್ದಳು. ಎರಡೂ ಕಡೆ ಎರೆ ಹೊಲದಲ್ಲಿ ಸೂರ್ಯಕಾಂತಿ ಹೂ ಬಿಟ್ಟಿತ್ತು. ಮುಶಿಗೇರಿಯ ಹತ್ತಿರ ರಸ್ತೆ ಎಡಕ್ಕೆ ಹೊರಳುವಲ್ಲಿ ನಾನು ಎಂದಿನಂತೆ ಒಂದೇ ಕೈಯಲ್ಲಿ ತಿರುಗಿಸಿದೆ. ಅರ್ಧ ತಿರುಗಿತು. ದೀಪ ಹತ್ತಿತು. ಚಕ್ರ ಕಲ್ಲಾಯಿತು. ಎರಡನೆಯ ಕೈ ಹಚ್ಚುವಷ್ಟರಲ್ಲಿ ರಸ್ತೆ ಎಡಕ್ಕೆ ಹೋಗಿತ್ತು, ನಾವು ನೆಟ್ಟಗೆ ಹೋಗಿ ಸಣ್ಣ ಸೇತುವೆಯ ಕಲ್ಲಿಗೆ ಬಡಿದೆವು. ವೇಗ ಹೆಚ್ಚಿರಲಿಲ್ಲ. ನನಗೆ ಹಣೆಯ ಮೇಲೆ ಒಂದು ಬುಗುಟು ಬಂತು, ಅಷ್ಟೇ. ಅವಳು ಬೀಳದಂತೆ ಬಲಗೈ ಮುಂದೆ ಚಾಚಿದ್ದಳು. ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಹಿಂದಿನಿಂದ, ನಮ್ಮೂರಿನಲ್ಲಿ ಐದಾರು ಟೆಂಪೋ ಇಟ್ಟಿದ್ದ ಮಾಲೀಕರೊಬ್ಬರು ತಮ್ಮದೊಂದು ಗಾಡಿಯಲ್ಲಿ ಬರುತ್ತಿದ್ದರು. ನಮ್ಮನ್ನು ಹತ್ತಿಸಿಕೊಂಡು ರೋಣದ ದವಾಖಾನೆಗೆ ಒಯ್ದವರು ಅವರೇ. ಡಾಕ್ಟರು ಒಳಗೆ ಅವಳ ಕೈ ನೋಡುತ್ತಿದ್ದಾಗ ಹೊರಗಿನ ಬಾಕಿನ ಮೇಲೆ ಅವರು ಕೇಳಿದರು:

“ಸ್ಟೇರಿಂಗ್ ಹಿಡಕೊಂಡ್ತು ಅಂತೀರಿ. ಯಾರ ಕಡೆ ತೋರಿಸಿದ್ರಿ ಅದನ್ನ?”

ನಾನು ಹೇಳಬಹುದಿತ್ತು. ಎರಡೇ ಮಾತು. ಆದರೆ ಆಗ ನನ್ನ ತಲೆಯಲ್ಲಿ ಬಂದದ್ದು ಹೆಂಡತಿಯ ಕೈಯಲ್ಲ. ಬೂದಿ ಹಚ್ಚಿ ಕಾರು ಕೆಚ್ಚಿದವನು ಎಂದು ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು ನಗುವುದು ಬಂತು. ನಾನು ಹೋದಲ್ಲೆಲ್ಲ ಆ ಹೆಸರು ನನ್ನ ಹಿಂದೆ ಬರುವುದು ಬಂತು.

“ಮಿಸ್ತ್ರಿ ಕಡೆ,” ಎಂದೆ.

ಅದು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತೇನೋ. ಮಧ್ಯಾಹ್ನ ಮಿಸ್ತ್ರಿ ತಾವೇ ದವಾಖಾನೆಗೆ ಬಂದರು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿಯಿಂದ ಬರುತ್ತ ದಾರಿಯಲ್ಲಿ ಸುದ್ದಿ ಕೇಳಿ ರೋಣದಲ್ಲೇ ಇಳಿದಿದ್ದರು. ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣವಿತ್ತು. ನನ್ನ ಕಾರಿನ ವೈರಿಂಗು. ಕಾರು ನೋಡಿದ ಮರುದಿನ ಬೆಳಿಗ್ಗೆಯೇ ಅದಕ್ಕಾಗಿ ಹೋಗಿದ್ದರು.

“ಅಕ್ಕಾರು ಹ್ಯಾಂಗದಾರರಿ?” ಎಂದು ಕೇಳಿ, “ಗಾಡಿ ತಗೀಬ್ಯಾಡ್ರಿ ಅಂದಿದ್ದೆನಲ್ಲರಿ” ಎಂದರು.

ಟೆಂಪೋ ಮಾಲೀಕರು ಪಕ್ಕದಲ್ಲೇ ಕೂತಿದ್ದರು. ನಾನು ಎದ್ದು ನಿಂತು, ದನಿ ಏರಿಸಿ, “ನೀ ಬಿಚ್ಚಿ ಮುಟ್ಟಿದ ಮ್ಯಾಲನ ಹಿಂಗಾತು! ನಿನ್ನ ಕೈಗೆ ಕೊಟ್ಟಿದ್ದ ನಂದ ತಪ್ಪು” ಎಂದೆ. ಸುಳ್ಳನ್ನು ಗಟ್ಟಿಯಾಗಿ ಹೇಳಿದರೆ ನಮಗೇ ಅದು ಸಿಟ್ಟಿನಂತೆ ಕೇಳುತ್ತದೆ. ಆ ಕ್ಷಣ ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು.

ಅವರು ನನ್ನ ಮುಖ ನೋಡಿದರು. ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. “ನಾ ಬರೇ ಬಿಚ್ಚಿ ತೋರಿಸಿದ್ದೆ” ಎಂದು ಮೆಲ್ಲಗೆ ಅಂದು ಹೊರಟುಹೋದರು.

ಒಳಗೆ ಹೋದಾಗ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. “ಕರೀರಿ ಅವರನ್ನ. ಇನ್ನೂ ಬಾಗಲದಾಗ ಇರ್ತಾರ. ಹೇಳಿಬಿಡ್ರಿ” ಎಂದಳು.

“ಆಮ್ಯಾಲ ಹೇಳ್ತೀನಿ, ನೀ ಸುಮ್ನ ಮಲಕೊ.”

ಆ ‘ಆಮ್ಯಾಲ’ ಬರಲು ನಾಲ್ಕು ವರ್ಷ ಹಿಡಿಯಿತು.

ಟೆಂಪೋ ಮಾಲೀಕರ ಗಾಡಿಗಳೇ ಮಿಸ್ತ್ರಿಯವರ ಶೆಡ್ಡಿನ ಅನ್ನ. ಒಂದು ತಿಂಗಳಲ್ಲಿ ಅವು ಹೊಸದಾಗಿ ಶುರುವಾದ ಒಂದು ಗ್ಯಾರೇಜಿಗೆ ಹೋಗತೊಡಗಿದವು. ದೊಡ್ಡವರು ಬಿಟ್ಟದ್ದನ್ನು ನೋಡಿ ಸಣ್ಣವರೂ ಬಿಟ್ಟರು. ಅಂಗಡಿಯಲ್ಲಿ, ಮಗ್ಗದ ಮನೆಗಳಲ್ಲಿ ಜನ ನನ್ನನ್ನು ಕೇಳಿದರು, ನಾನು ಅದೇ ಮಾತು ಹೇಳಿದೆ. ಪ್ರತಿ ಸಲವೂ ಸ್ವಲ್ಪ ಹೆಚ್ಚು ಸರಾಗವಾಗಿ. ಕೆಲವರು ಅವರ ಜಾತಿಯನ್ನು ಸೇರಿಸಿ ಮಾತಾಡಿದರು. ಆ ಮಾತನ್ನು ನಾನು ಆಡಲಿಲ್ಲ. ಆಡಿದವರ ಬಾಯಿ ಮುಚ್ಚಿಸಲೂ ಇಲ್ಲ, ಅದು ನನಗೆ ಅನುಕೂಲವಾಗಿತ್ತು. ಒಂದು ವರ್ಷ ದಾಟುವುದರೊಳಗೆ ಶೆಡ್ಡಿನ ತಗಡಿನ ಬಾಗಿಲಿಗೆ ಕೀಲಿ ಬಿತ್ತು. ನರಗುಂದಕ್ಕೆ ಹೋದರಂತೆ ಎಂದು ಕೇಳಿದೆ.

ಒಂದು ಸಂಗತಿ ನನಗೆ ತಿಳಿಯದೆ ಉಳಿದಿತ್ತು. ಮಿಸ್ತ್ರಿ ಯಾಕೆ ಎದುರಾಡಲಿಲ್ಲ? ವೈರಿಂಗು ತರಲು ತಾನು ಹುಬ್ಬಳ್ಳಿಗೆ ಹೋಗಿದ್ದೆ ಎಂದು ಹೇಳಿದ್ದರೆ ಸಾಕಿತ್ತು. ಅವರು ಹೇಳಿಯಾರು ಎಂದು ನಾನು ಆರು ತಿಂಗಳು ಹೆದರಿದ್ದೆ. ಹೇಳಲಿಲ್ಲ. ಆಗ ನಾನು ಏನೆಂದುಕೊಂಡೆ ಗೊತ್ತೇ? ಅವರೂ ಏನೋ ತಪ್ಪು ಮಾಡಿರಬೇಕು, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆ. ಮನುಷ್ಯ ತನಗೆ ಬೇಕಾದ್ದನ್ನು ಎಲ್ಲಿಂದಾದರೂ ಹುಡುಕಿಕೊಳ್ಳುತ್ತಾನೆ.

ಹೆಂಡತಿಯ ಕೈ ಕೂಡಿತು, ಸೊಟ್ಟಗೆ ಕೂಡಿತು. ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ. ಮಗ್ಗ ಬಿಚ್ಚಿದೆವು. ಹೊಸ ಹಾಸನ್ನು ಕೆಚ್ಚುವ ಮನೆಗಳಿಗೆ ಅವಳು ಅಭ್ಯಾಸಬಲದಿಂದ ಹೋಗಿ ಕೂತು, ಬೇರೆಯವರ ಕೈ ನೋಡುತ್ತ, “ಅದು ಸಡ್ಲಾತು, ಇನ್ನೊಮ್ಮೆ ಹೊಸಿ” ಎನ್ನುತ್ತಿದ್ದಳಂತೆ. ನನ್ನೊಡನೆ ಅವಳು ಜಗಳವಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಎಡಗೈಯಲ್ಲಿ.

ಕಾರು ಹೋಯಿತು, ನಾನು ಮತ್ತೆ ಬಸ್ಸಿನ ಗಿರಾಕಿಯಾದೆ. ನಾಲ್ಕನೆಯ ವರ್ಷ ನರಗುಂದಕ್ಕೆ ಸೀರೆ ಕೊಡಲು ಹೋದಾಗ ಒಂದು ಗ್ಯಾರೇಜಿನ ಮುಂದೆ, ಜೀಪಿನ ಕೆಳಗೆ ಮಲಗಿದ್ದವರ ಕಾಲು ಕಂಡಿತು. ಗ್ಯಾರೇಜಿನ ಧಣಿ, ಮೂವತ್ತರ ಆಸುಪಾಸಿನವನು, “ಏ ಮುದುಕಾ, ಎಷ್ಟು ತಾಸೋ ಒಂದ ನಟ್ಟಿಗೆ? ನಿದ್ದಿ ಹತ್ತೇತೇನು?” ಎಂದು ಕೂಗಿದ. ಕೆಳಗಿನಿಂದ, “ಆತ್ರಿ ಸಾವಕಾರ್ರ, ಆತು” ಎಂದು ದನಿ ಬಂತು. ದನಿಯ ಗುರುತು ಹತ್ತಿತು. ಪುರ್ತಗೇರಿಯವರೆಗೆ ಓಡಿಸಿ ನೋಡದೆ ಯಾರಿಗೂ ಗಾಡಿ ಕೊಡದಿದ್ದ ಮನುಷ್ಯನ ದನಿ.

ಅವರು ಊಟಕ್ಕೆ ಏಳುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಡಬ್ಬಿ ಹಿಡಿದು ಹೊರಗೆ ಬಂದು ನನ್ನನ್ನು ನೋಡಿದರು.

“ಬರ್ರಿ. ಊಟಾ ಆತೇನ್ರಿ?” ಎಂದರು, ನಿನ್ನೆ ನೋಡಿದವರ ಹಾಗೆ.

“ತಂತಿ ನಾನ ಕೂಡಿಸಿದ್ದೆ” ಎಂದೆ. “ನಿಮ್ಮ ಮ್ಯಾಲ ಹಾಕಿದೆ.” ನನ್ನ ಬಾಯಿಂದ ಅವರಿಗೆ ‘ನೀವು’ ಬಂದದ್ದು ಅಂದೇ ಮೊದಲು.

ಅವರು ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು. “ಗೊತ್ತರಿ. ಅಕ್ಕಾರು ಬಂದು ಹೇಳಿದ್ರು.”

“ಯಾವ ಅಕ್ಕಾರು?”

“ನಿಮ್ಮನಿಯವರು. ಕೈಗೆ ಪಟ್ಟಿ ಹಾಕಿದ ವಾರದಾಗ. ನೀವು ಸೀರಿ ಕೊಡಾಕ ಊರಿಗೆ ಹೋಗಿದ್ರಿ, ಶೆಡ್ಡಿಗೆ ಬಂದಿದ್ರು. ಬೂದಿ, ನೂಲು, ಗಂಜಿ, ಎಲ್ಲಾ ಹೇಳಿದ್ರು. ‘ಅವರು ತಾವಾಗೇ ಹೇಳ್ತಾರ, ನಾ ಬಲ್ಲೆ ಅವರನ್ನ. ಬ್ಯಾರೇದವರ ಬಾಯಿಂದ ಹೊರಗ ಬಂದ್ರ ತಲಿ ಎತ್ತಿ ಅಡ್ಡಾಡೂದಿಲ್ಲ. ಸ್ವಲ್ಪ ದಿನಾ ತಡೀರಿ’ ಅಂದ್ರು. ಮುರದ ಕೈ ಮುಂದ ಹಿಡದು ನಿಂತಾರ. ಏನನ್ನಲಿ? ಆತು ಅಂದೆ.”

“ಎಷ್ಟ ದಿನಾ ತಡದ್ರಿ?”

“ಬಾಗಲಾ ಹಾಕೂತನಕ.” ರೊಟ್ಟಿ ಮುರಿದರು. “ಆಮ್ಯಾಲ ಹೇಳಿ ಏನ್ ಮಾಡೂದಿತ್ತು.”

ನಾನು ಅವರ ಕಾಲಿಗೆ ಬಾಗಲು ಹೋದೆ. ಕಾಲು ಹಿಂದೆ ತೆಗೆದುಕೊಂಡರು. ಮೊದಲ ಸಲ ಅವರ ದನಿಯಲ್ಲಿ ಬಿಸಿ ಬಂತು. “ಇದನ್ನ ಇಲ್ಲಿ ಮಾಡಬ್ಯಾಡ್ರಿ. ನನಗ ಗೊತ್ತೈತಿ ನಾ ಮಾಡಿಲ್ಲಂತ. ಯಾರ ಮುಂದ ನನ್ನ ಕೈ ಕೆಟ್ಟದ್ದು ಅಂದ್ರಿ, ಅವರ ಮುಂದ ಹೋಗಿ ಹೇಳ್ರಿ. ಊರಿಗೆ ಬರಬೇಕಂತ ನನಗೂ ಐತಿ.”

ಮನೆಗೆ ಬಂದು ಹೆಂಡತಿಯ ಮುಂದೆ ಕೂತೆ. “ಮಿಸ್ತ್ರಿಯಾರಿಗೆ ನೀ ಹೇಳಿದ್ದಿಯಂತ” ಎಂದೆ.

ಅವಳು ಕಾಳು ಆರಿಸುತ್ತಿದ್ದಳು. “ಸ್ವಲ್ಪ ದಿನಾ ಅಂದಿದ್ದೆ ಅವರಿಗೆ” ಎಂದಳು. “ನಿಮ್ಮನ್ನ ನಂಬಿ ಅಂದಿದ್ದೆ.” ಅಷ್ಟೇ ಹೇಳಿದಳು. ಅವಳು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಟೆಂಪೋ ಮಾಲೀಕರ ಹತ್ತಿರ ಹೋದೆ. ಲೋಡು ಹಾಕುವ ಹೊತ್ತು. ಐದಾರು ಡ್ರೈವರುಗಳು ಚಹಾ ಕುಡಿಯುತ್ತ ನಿಂತಿದ್ದರು. ನನಗೂ ಒಂದು ಕಪ್ಪು ಕೊಟ್ಟರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಆ ತಂತಿಯನ್ನು ಮಿಸ್ತ್ರಿ ಕೂಡಿಸಲಿಲ್ಲ, ನಾನು ಕೂಡಿಸಿದೆ, ಬೂದಿ ಹಚ್ಚಿ ನೂಲು ಸುತ್ತಿದೆ, ಅವರು ಅಂದು ಊರಲ್ಲೇ ಇರಲಿಲ್ಲ.

ಮಾಲೀಕರು ಕಪ್ಪು ಕೆಳಗಿಟ್ಟರು. “ನಿಮ್ಮ ಗಾಡಿ ಎಳಕೊಂಡ ಬಂದಾವ ನಾನ ಅಲ್ಲರಿ? ಕೆಳಗ ಜೋತಬಿದ್ದಿತ್ತು ತಂತಿ. ಮಗ್ಗದ ನೂಲು ಸುತ್ತಿತ್ತು. ಯಾವ ಮಿಸ್ತ್ರಿ ನೂಲು ಸುತ್ತತಾನ? ಅವತ್ತ ಗೊತ್ತಾತು ನನಗ.”

“ಮತ್ತ ನಿಮ್ಮ ಗಾಡಿ ಯಾಕ ಬಿಡಿಸಿದ್ರಿ ಅವರ ಕಡಿಂದ?”

“ನಮ್ಮ ಅಳಿಯಾ ಗ್ಯಾರೇಜ್ ಹಾಕಾಂವ ಇದ್ದ. ಇಪ್ಪತ್ತ ವರ್ಷ ಕೆಲಸಾ ಮಾಡಿದಾವಗ ಬ್ಯಾಡ ಅನ್ನಾಕ ಒಂದು ನೆಪಾ ಬೇಕಿತ್ತು. ನೀವ ಕೊಟ್ರಿ.” ಹೇಳುವಾಗ ಅವರಿಗೆ ನಾಚಿಕೆಯೇನೂ ಇರಲಿಲ್ಲ. ನಮ್ಮಿಬ್ಬರಲ್ಲಿ ನಾಚಿಕೆಯ ಮಾತಾಡಲು ನನಗೂ ಅರ್ಹತೆ ಇರಲಿಲ್ಲ.

ಒಬ್ಬ ಡ್ರೈವರು, “ಯಜಮಾನ್ರ, ನಮ್ಮ ಗಾಡಿ ಗೇರೂ ಜಾರ್ತೈತಿ, ಒಂದೀಟು ಬೂದಿ ಹಚ್ಚಿ ಹೋಗ್ರಿ” ಎಂದ. ಎಲ್ಲರೂ ನಕ್ಕರು. ಇನ್ನೊಬ್ಬ, “ಗಂಜೀನೂ ಸವರ್ರಿ, ಇಸ್ತ್ರಿ ಹಿಡೀತೈತಿ” ಎಂದ. ಮತ್ತೆ ನಕ್ಕರು. ಅಷ್ಟರಲ್ಲಿ ಯಾರೋ ಹಾರ್ನು ಬಾರಿಸಿದರು. ಅವರು ಕಪ್ಪು ಇಟ್ಟು ಗಾಡಿ ಹತ್ತಿದರು. ನನ್ನ ಕೈಯಲ್ಲಿದ್ದ ಚಹಾ ಇನ್ನೂ ಬಿಸಿ ಇತ್ತು. ರೋಣದ ದವಾಖಾನೆಯ ಬಾಕಿನ ಮೇಲೆ ನಾನು ಹೆದರಿದ್ದು ಇಷ್ಟಕ್ಕೇ.

ಆಮೇಲೆ ಅಂಗಡಿಗಳಿಗೆ, ಮಗ್ಗದ ಮನೆಗಳಿಗೂ ಹೋಗಿ ಹೇಳಿದೆ. ಕೆಲವರು ತಲೆ ಆಡಿಸಿದರು, ಕೆಲವರು ಯಾವ ಮಿಸ್ತ್ರಿ ಎಂದು ಕೇಳಿದರು.

ಮುಂದಿನ ವಾರ ನರಗುಂದಕ್ಕೆ ಹೋಗಿ ಮಿಸ್ತ್ರಿಯವರನ್ನು ಕಂಡೆ. ಜೀಪಿನ ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

“ಹೇಳಿದೆ” ಎಂದೆ.

“ಎಲ್ಲಾರ ಮುಂದ?”

“ಎಲ್ಲಾರ ಮುಂದ.”

“ಏನಂದ್ರು?”

“ನಕ್ಕರು.”

ಅವರು ಬೆರಳ ಸಂದಿಯ ಗ್ರೀಸು ಒರೆಸಿಕೊಂಡರು.

“ಯಾರರ ನನ್ನ ಕರದ್ರೇನು, ವಾಪಸ್ ಬಾ ಅಂತ?”

“ಇಲ್ಲ” ಎಂದೆ.

ಅವರು ಹೌದೆಂಬಂತೆ ಕತ್ತು ಆಡಿಸಿ, ಒರೆಸಿಕೊಂಡ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ಹಚ್ಚಿ ಮತ್ತೆ ಜೀಪಿನ ಕೆಳಗೆ ಸರಿದರು.